ಗೆಲಕ್ಸಿಗೆ ಚಾಟಿ ಸುತ್ತಿದವರು ಯಾರು?

ಬುಗುರಿ ತಾನಾಗಿ ತಿರುಗುವುದಿಲ್ಲ. ಚಾಟಿ ಸುತ್ತಿ, ಬೀಸಿ, ಎಳೆದುಬಿಟ್ಟಾಗ ಮಾತ್ರ ತಿರುಗುತ್ತದೆ. ಬೀಸುವ ಕಲ್ಲಿಗೆ ಕೈ ಬೇಕು, ಗಾಣಕ್ಕೆ ಎತ್ತು ಬೇಕು, ಫ್ಯಾನಿಗೆ ವಿದ್ಯುತ್ತು ಬೇಕು. ತಿರುಗುವ ವಸ್ತುವನ್ನು ಕಂಡಾಗ ಅದನ್ನು ತಿರುಗಿಸಿದ್ದು ಯಾವುದು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಇದೇ ಪ್ರಶ್ನೆಯನ್ನು ಆಕಾಶದ ಅತಿ ದೊಡ್ಡ ಬುಗುರಿಗಳ ಬಗ್ಗೆ ಕೇಳಿದರೆ ಏನಾಗುತ್ತದೆ? ವಿಜ್ಞಾನದ ಇತಿಹಾಸದಲ್ಲಿ ಇನ್ನೂರು ವರ್ಷಗಳಿಗೂ ಮೀರಿದ ಒಂದು ಕಥೆ ಬಿಚ್ಚಿಕೊಳ್ಳುತ್ತದೆ.

ನೀವು ಈ ಪುಟವನ್ನು ಓದುತ್ತಿರುವ ಹೊತ್ತಿಗೆ ಸೂರ್ಯ ತನ್ನ ಗ್ರಹಪರಿವಾರ ಸಮೇತ ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ ಆಕಾಶಗಂಗೆಯ ಕೇಂದ್ರವನ್ನು ಸುತ್ತುತ್ತಿದೆ. ಕೇಂದ್ರಕ್ಕೂ ನಮಗೂ ನಡುವೆ ಸುಮಾರು 26,000 ಜ್ಯೋತಿರ್ವರ್ಷಗಳ ದೂರ. ಒಂದು ಸುತ್ತು ಮುಗಿಯಲು 20 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬೇಕು. ಹಿಂದಿನ ಸುತ್ತಿನಲ್ಲಿ ಸೂರ್ಯ ಇದೇ ಎಡೆಯಲ್ಲಿದ್ದಾಗ ಭೂಮಿಯ ಮೇಲೆ ಡೈನೋಸಾರ್‌ಗಳು ಆಗತಾನೆ ಕಾಲೂರುತ್ತಿದ್ದವು. ಸೂರ್ಯನೊಬ್ಬನೇ ಅಲ್ಲ, ಹತ್ತಾರು ಸಾವಿರ ಕೋಟಿ ನಕ್ಷತ್ರಗಳು ಒಂದು ತೆಳ್ಳನೆಯ ತಟ್ಟೆಯ ಆಕಾರದಲ್ಲಿ ಹೀಗೆ ಒಂದೇ ದಿಕ್ಕಿಗೆ ಸುತ್ತುತ್ತಿವೆ. ದೂರದ ಸುರುಳಿ ಗೆಲಕ್ಸಿಗಳ ಪಾಡೂ ಇದೇ.

ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ‘ಕೋನೀಯ ಸಂವೇಗ’ ಎಂಬ ಪಾಠವಿದೆಯಲ್ಲ, ತೊಡಕು ಇರುವುದು ಅಲ್ಲಿಯೇ. ತಿರುಗುವ ಕುರ್ಚಿಯಲ್ಲಿ ಕುಳಿತು, ಎರಡೂ ಕೈಯಲ್ಲಿ ದಪ್ಪ ಪುಸ್ತಕ ಹಿಡಿದು, ತೋಳುಗಳನ್ನು ಚಾಚಿ ಸ್ನೇಹಿತನಿಗೆ ಮೆಲ್ಲಗೆ ತಿರುಗಿಸಲು ಹೇಳಿ. ಬಳಿಕ ತೋಳುಗಳನ್ನು ಎದೆಗೆ ಸೆಳೆದುಕೊಳ್ಳಿ. ಕುರ್ಚಿ ಜೋರಾಗಿ ತಿರುಗತೊಡಗುತ್ತದೆ. ದ್ರವ್ಯ ಒಳಕ್ಕೆ ಸರಿದಷ್ಟೂ ತಿರುಗುವ ವೇಗ ಹೆಚ್ಚುತ್ತದೆ, ಒಟ್ಟು ಕೋನೀಯ ಸಂವೇಗ ಮಾತ್ರ ಬದಲಾಗುವುದಿಲ್ಲ. ಆದರೆ ಸ್ನೇಹಿತ ಕುರ್ಚಿಯನ್ನು ಮುಟ್ಟದೇ ಇದ್ದಿದ್ದರೆ? ನೀವು ಎಷ್ಟು ಸಲ ತೋಳು ಮಡಚಿ ಬಿಚ್ಚಿದರೂ ಕುರ್ಚಿ ಸುತ್ತುತ್ತ ಹೋಗುತ್ತಿರಲಿಲ್ಲ. ಸೊನ್ನೆಯನ್ನು ಕುಗ್ಗಿಸಿದರೆ ಸೊನ್ನೆಯೇ. ಅನಿಲದ ಮಹಾಮೋಡವೊಂದು ಕುಸಿದು ಗೆಲಕ್ಸಿಯಾಯಿತು ಎಂದು ಹೇಳುವುದು ಸುಲಭ. ಆ ಮೋಡಕ್ಕೆ ಮೊದಲ ತಿರುಗು ಎಲ್ಲಿಂದ ಬಂತು ಎಂಬುದು ಕಷ್ಟದ ಪ್ರಶ್ನೆ.

ಈ ಕಷ್ಟದಲ್ಲಿ ಮೊದಲು ಎಡವಿದವನು ಸಾಮಾನ್ಯನಲ್ಲ, ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್. 1755ರಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ, ಆತ ವಿಶ್ವದ ಉಗಮದ ಬಗ್ಗೆ ಒಂದು ಪುಸ್ತಕ ಬರೆದ. ಚದರಿ ನಿಶ್ಚಲವಾಗಿದ್ದ ಕಣಗಳು ಗುರುತ್ವದಿಂದ ಕೇಂದ್ರದತ್ತ ಬೀಳುತ್ತವೆ, ದಾರಿಯಲ್ಲಿ ಒಂದನ್ನೊಂದು ತಳ್ಳಿ ಪಕ್ಕಕ್ಕೆ ಹೊರಳುತ್ತವೆ, ಹೊರಳಾಟಗಳೆಲ್ಲ ಕೊನೆಗೆ ಒಂದೇ ದಿಕ್ಕಿನ ಸುಳಿಯಾಗುತ್ತವೆ ಎಂಬುದು ಆತನ ವಾದ. ಆಕಾಶದ ಮಂಕು ನೀಹಾರಿಕೆಗಳು ನಮ್ಮ ಆಕಾಶಗಂಗೆಯಂಥವೇ ಬೇರೆ ನಕ್ಷತ್ರಲೋಕಗಳಿರಬೇಕು ಎಂಬ ಆತನ ಊಹೆ ಮುಂದೆ ನಿಜವಾಯಿತು. ಸುಳಿಯ ವಾದ ನಿಲ್ಲಲಿಲ್ಲ. ಒಳಗಿನ ತಳ್ಳಾಟದಿಂದ ಒಂದು ಕಣ ಬಲಕ್ಕೆ ಹೊರಳಿದರೆ ಅದನ್ನು ತಳ್ಳಿದ ಕಣ ಎಡಕ್ಕೆ ಹೊರಳಲೇಬೇಕು. ಕೂಡಿದರೆ ಮೊತ್ತ ಸೊನ್ನೆ. ಫ್ರಾನ್ಸಿನ ಲಪ್ಲಾಸ್ ಗಣಿತದಲ್ಲಿ ನಿಪುಣ. 1796ರಲ್ಲಿ ಸೌರವ್ಯೂಹದ ಉಗಮವನ್ನು ವಿವರಿಸುವಾಗ ಆತ ತನ್ನ ಅನಿಲರಾಶಿ ಮೊದಲೇ ತಿರುಗುತ್ತಿತ್ತು ಎಂದುಕೊಂಡು ಆರಂಭಿಸಿದ. ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಪಕ್ಕಕ್ಕಿಟ್ಟ. ನನ್ನ ಅಭಿಪ್ರಾಯದಲ್ಲಿ ಅದು ಜಾಣತನವೇ, ಏಕೆಂದರೆ ಆ ಕಾಲಕ್ಕೆ ನೀಹಾರಿಕೆಗಳು ತಿರುಗುತ್ತವೆ ಎಂಬುದನ್ನೇ ಯಾರೂ ಕಂಡಿರಲಿಲ್ಲ.

ಕಾಣುವ ಕೆಲಸಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ತನ್ನ ಎಸ್ಟೇಟಿನಲ್ಲಿ ಆರು ಅಡಿ ವ್ಯಾಸದ ಲೋಹದ ಕನ್ನಡಿಯುಳ್ಳ ದೈತ್ಯ ದೂರದರ್ಶಕವನ್ನು ಕಟ್ಟಿಸಿ, ಮೆಸಿಯರ್ 51 ಎಂಬ ನೀಹಾರಿಕೆಯಲ್ಲಿ ಸುರುಳಿಯ ಆಕಾರವನ್ನು ಕಂಡ. ನೀರಿನ ಸುಳಿಯಂತಿದ್ದ ಆ ಚಿತ್ರವನ್ನು ನೋಡಿದವರಿಗೆಲ್ಲ ಇದು ತಿರುಗುತ್ತಿರಬೇಕು ಎನ್ನಿಸಿತು. ಎನ್ನಿಸುವುದು ಬೇರೆ, ಅಳೆಯುವುದು ಬೇರೆ. ಅಳೆದವನು ಅಮೆರಿಕದ ಅರಿಜೋನಾದಲ್ಲಿರುವ ಲೊವೆಲ್ ವೀಕ್ಷಣಾಲಯದ ವೆಸ್ಟೊ ಸ್ಲೈಫರ್. ಕನ್ಯಾ ರಾಶಿಯಲ್ಲಿ ಅಗಲವಾದ ಟೋಪಿಯಂತೆ ಕಾಣುವ, ಅದೇ ಕಾರಣಕ್ಕೆ ‘ಸೊಂಬ್ರೆರೊ’ ಎಂದು ಹೆಸರಾದ ನೀಹಾರಿಕೆಯ ರೋಹಿತವನ್ನು ಆತ ಛಾಯಾಫಲಕದ ಮೇಲೆ ಹಿಡಿದ. ರೋಹಿತದ ಗೆರೆಗಳು ನೇರವಾಗಿರಲಿಲ್ಲ, ಓರೆಯಾಗಿದ್ದವು. ನೀಹಾರಿಕೆಯ ಒಂದು ಅಂಚು ನಮ್ಮತ್ತ ಬರುತ್ತ ಇನ್ನೊಂದು ಅಂಚು ದೂರ ಸರಿಯುತ್ತಿದ್ದರೆ ಮಾತ್ರ ಹೀಗಾಗಲು ಸಾಧ್ಯ. ತಿರುಗುವ ಗುರುಗ್ರಹದ ರೋಹಿತದಲ್ಲಿಯೂ ಗೆರೆಗಳು ಹೀಗೆಯೇ ಓರೆಯಾಗುತ್ತವೆ. 1914ರಲ್ಲಿ ಸ್ಲೈಫರ್ ಇದನ್ನು ಪ್ರಕಟಿಸಿದ.

ಆಗಿನ ದುಡಿಮೆ ಎಂಥದು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಮೌಂಟ್ ವಿಲ್ಸನ್ ವೀಕ್ಷಣಾಲಯದ ಫ್ರಾನ್ಸಿಸ್ ಪೀಸ್ 1917ರಲ್ಲಿ ದೇವಯಾನಿ ನೀಹಾರಿಕೆಯ ತಿರುಗನ್ನು ಅಳೆಯಲು ಒಂದೇ ಛಾಯಾಫಲಕಕ್ಕೆ ಒಟ್ಟು 79 ಗಂಟೆ ಬೆಳಕುಣಿಸಿದ. ಒಂದು ರಾತ್ರಿಯ ಕೆಲಸವಲ್ಲ, ಮೂರು ತಿಂಗಳುಗಳಲ್ಲಿ ಹಂಚಿಹೋದ ರಾತ್ರಿಗಳು. ಪ್ರತಿ ರಾತ್ರಿ ಅದೇ ಫಲಕವನ್ನು ಹಾಕಿ, ಅದೇ ಎಡೆಗೆ ದೂರದರ್ಶಕವನ್ನು ಗುರಿಯಿಟ್ಟು ಕಾಯಬೇಕು.

ಅದೇ ಬೆಟ್ಟದ ಮೇಲೆ ಆಡ್ರಿಯಾನ್ ವಾನ್ ಮಾನನ್ ಎಂಬಾತ ಇನ್ನೊಂದು ದಾರಿ ಹಿಡಿದಿದ್ದ. ಕೆಲವು ವರ್ಷಗಳ ಅಂತರದಲ್ಲಿ ತೆಗೆದ ಛಾಯಾಚಿತ್ರಗಳನ್ನು ಹೋಲಿಸಿ, ಸುರುಳಿಗಳು ತಿರುಗಿರುವುದು ಕಣ್ಣಿಗೇ ಕಾಣುತ್ತದೆ ಎಂದ. ಅದು ನಿಜವಾಗಿದ್ದರೆ ಸುರುಳಿಗಳು ನಮಗೆ ತೀರ ಹತ್ತಿರವೇ ಇರಬೇಕಿತ್ತು. ದೂರದಲ್ಲಿದ್ದರೆ ಅವುಗಳ ಅಂಚು ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತಿತ್ತು. 1920ರ ಪ್ರಸಿದ್ಧ ಚರ್ಚೆಯಲ್ಲಿ ಹಾರ್ಲೊ ಶಾಪ್ಲಿ, ಸುರುಳಿಗಳು ಹೊರಗಿನ ಲೋಕಗಳಲ್ಲ ಎಂದು ವಾದಿಸಿದಾಗ ಗೆಳೆಯ ವಾನ್ ಮಾನನ್‌ನ ಅಳತೆಯೂ ಆತನ ಕೈಯಲ್ಲಿತ್ತು. 1923ರಲ್ಲಿ ಎಡ್ವಿನ್ ಹಬಲ್ ದೇವಯಾನಿಯಲ್ಲಿ ಮಿಡಿಯುವ ನಕ್ಷತ್ರವೊಂದನ್ನು ಗುರುತಿಸಿ ಅದು ಬಹು ದೂರದ ಲೋಕವೆಂದು ತೋರಿಸಿದ. ವಾನ್ ಮಾನನ್ ಕಂಡದ್ದು ಅಳತೆಯ ದೋಷವೆಂದು 1935ರ ಹೊತ್ತಿಗೆ ಇತ್ಯರ್ಥವಾಯಿತು. ಗೆಲಕ್ಸಿ ತಿರುಗುವುದು ಸತ್ಯ, ಆದರೆ ಹತ್ತಾರು ವರ್ಷ ನೋಡಿದರೂ ಛಾಯಾಚಿತ್ರದಲ್ಲಿ ಕಾಣದಷ್ಟು ದೂರದಲ್ಲಿ ಅದು ತಿರುಗುತ್ತಿದೆ. 1927ರಲ್ಲಿ ಹಾಲೆಂಡಿನ ಯಾನ್ ಊರ್ಟ್, ಸ್ವೀಡನ್ನಿನ ಲಿಂಡ್‌ಬ್ಲಾಡ್ ಅವರ ವಿಚಾರವನ್ನು ಅನುಸರಿಸಿ, ನಮ್ಮ ಆಕಾಶಗಂಗೆಯೂ ತಿರುಗುತ್ತಿದೆ ಎಂದು ನಕ್ಷತ್ರಗಳ ಚಲನೆಯಿಂದಲೇ ಸಾಧಿಸಿದ್ದ. ಊರ್ಟ್ ಎಂಬ ಹೆಸರನ್ನು ನೆನಪಿನಲ್ಲಿಡಿ, ಕಥೆಯಲ್ಲಿ ಆತ ಮತ್ತೆ ಬರುತ್ತಾನೆ.

ಇನ್ನು ‘ಏಕೆ’ ಎಂಬ ಪ್ರಶ್ನೆ. 1946ರಲ್ಲಿ ಜಾರ್ಜ್ ಗಾಮೋವ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದ. ಗೆಲಕ್ಸಿಗಳೆಲ್ಲ ತಿರುಗುವುದಾದರೆ ಇಡೀ ವಿಶ್ವವೇ ತಿರುಗುತ್ತಿರಬಾರದೇಕೆ ಎಂಬುದು ಅದರ ತಿರುಳು. ಗಾಳಿಯಲ್ಲಿ ತೇಲಿಬಿಟ್ಟ ಇಂಥ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವಳು ಕಾರ್ನೆಲ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿ, ವೇರಾ ರೂಬಿನ್. ಆಗ ದೊರೆಯುತ್ತಿದ್ದ ನೂರರ ಆಸುಪಾಸಿನ ಗೆಲಕ್ಸಿಗಳ ವೇಗಗಳನ್ನು ಕಲೆಹಾಕಿ, ವಿಶ್ವದ ತಿರುಗಿನ ಗುರುತು ಇದೆಯೇ ಎಂದು ಹುಡುಕಿದಳು. 1950ರ ಡಿಸೆಂಬರಿನಲ್ಲಿ ಅಮೆರಿಕದ ಖಗೋಳ ಸಂಘದ ಸಭೆಯಲ್ಲಿ ಅದನ್ನು ಓದಿದಾಗ ಆಕೆಗೆ 22 ವರ್ಷ, ಮನೆಯಲ್ಲಿ ಕೆಲವೇ ವಾರಗಳ ಹಸುಗೂಸು. ಸಭೆಯ ಹಿರಿಯರಿಗೆ ಪ್ರಬಂಧ ರುಚಿಸಲಿಲ್ಲ. ಅಂದಿನ ಅಲ್ಪ ಮಾಹಿತಿಯಿಂದ ಅಂಥ ತೀರ್ಮಾನ ಹೊರಡುವಂತಿರಲಿಲ್ಲ ಎಂಬುದು ನಿಜ. ವಿಶ್ವ ಒಟ್ಟಾಗಿ ತಿರುಗುತ್ತಿಲ್ಲ ಎಂದೇ ಇಂದಿನ ಅಳತೆಗಳು ಹೇಳುತ್ತವೆ. ಆದರೆ ಗೆಲಕ್ಸಿಗಳ ತಿರುಗಿನ ಬಗ್ಗೆ ಆಕೆಗೆ ಹತ್ತಿದ ಗೀಳು ಬಿಡಲಿಲ್ಲ. ಅದರ ಫಲವನ್ನು ಮುಂದೆ ನೋಡೋಣ.

ನಿಜವಾದ ಸುಳಿವು ಹೊಳೆದದ್ದು 1949ರ ಆಗಸ್ಟಿನಲ್ಲಿ, ಪ್ಯಾರಿಸ್ಸಿನಲ್ಲಿ. ಖಗೋಳ ವಿಜ್ಞಾನಿಗಳೂ ದ್ರವ ಅನಿಲಗಳ ಹರಿವನ್ನು ಅಭ್ಯಸಿಸುವವರೂ ಕೂಡಿದ್ದ ಗೋಷ್ಠಿಯದು. ಕೇಂಬ್ರಿಜ್‌ನ 34 ವರ್ಷದ ಫ್ರೆಡ್ ಹಾಯ್ಲ್ ಅಲ್ಲಿ ಮಾತಾಡಿದ. ಜಯಂತ ನಾರ್ಳೀಕರರ ಗುರು ಎಂದು ಈತನ ಹೆಸರನ್ನು ನೀವು ಕೇಳಿರಬಹುದು. ಅದೇ ವರ್ಷದ ಮಾರ್ಚಿಯಲ್ಲಿ ಬಿಬಿಸಿ ರೇಡಿಯೋ ಭಾಷಣವೊಂದರಲ್ಲಿ, ತನಗೆ ಒಪ್ಪಿಗೆಯಿಲ್ಲದ ಸಿದ್ಧಾಂತವೊಂದನ್ನು ಹಾಯ್ಲ್ ‘ಬಿಗ್ ಬ್ಯಾಂಗ್’ ಎಂದು ಕರೆದಿದ್ದ. ಮಹಾಸ್ಫೋಟ ಸಿದ್ಧಾಂತಕ್ಕೆ ಹೆಸರು ಬಂದದ್ದು ಹಾಗೆ. (ಆ ಭಾಷಣ ಬಿಬಿಸಿಯ ‘ದಿ ಲಿಸನರ್’ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಅದೂ ನಿಮ್ಮ ಕೈಯಲ್ಲಿರುವ ಈ ಸಂಚಿಕೆಯಂತೆ ಪ್ರಸಾರವಾದ ಮಾತುಗಳನ್ನು ಓದುಗರಿಗೆ ತಲುಪಿಸುತ್ತಿದ್ದ ಪತ್ರಿಕೆ.)

ಹಾಯ್ಲ್ ಹೇಳಿದ್ದು ಸರಳ ಮಾತು. ಗೆಲಕ್ಸಿಯಾಗಲಿರುವ ಮೋಡವನ್ನು ತಿರುಗಿಸುವ ಕೈ ಅದರ ಒಳಗಿಲ್ಲ, ನೆರೆಯಲ್ಲಿದೆ. ಚಂದ್ರ ನಮ್ಮ ಸಮುದ್ರದಲ್ಲಿ ಉಬ್ಬರವೆಬ್ಬಿಸುವುದು ನಿಮಗೆ ಗೊತ್ತು. ಚಂದ್ರನಿಗೆ ಹತ್ತಿರವಿರುವ ಕಡೆ ಸೆಳೆತ ಹೆಚ್ಚು, ದೂರದ ಕಡೆ ಕಡಿಮೆ. ಈ ವ್ಯತ್ಯಾಸವೇ ಉಬ್ಬರದ ಮೂಲ. ಈಗ ಸೌತೆಕಾಯಿಯಂತೆ ಉದ್ದನಾದ ಒಂದು ಮೋಡವನ್ನು ಕಲ್ಪಿಸಿಕೊಳ್ಳಿ. ಅದರ ಪಕ್ಕದಲ್ಲಿ, ಓರೆಯಾದ ದಿಕ್ಕಿನಲ್ಲಿ ಇನ್ನೊಂದು ಮೋಡ. ಸೌತೆಕಾಯಿಯ ಹತ್ತಿರದ ತುದಿಯನ್ನು ನೆರೆಯ ಮೋಡ ಬಲವಾಗಿ ಎಳೆಯುತ್ತದೆ, ದೂರದ ತುದಿಯನ್ನು ಮೆಲ್ಲಗೆ. ಎರಡು ತುದಿಗಳ ಮೇಲೆ ಎಳೆತ ಸಮವಿಲ್ಲದ ಕಾರಣ ಸೌತೆಕಾಯಿ ಹೊರಳತೊಡಗುತ್ತದೆ. ಬಾಗಿಲಿನ ಅಂಚನ್ನು ಹಿಡಿದು ಎಳೆದರೆ ಅದು ತಿರುಗಣೆಯ ಸುತ್ತ ತಿರುಗುವಂತೆಯೇ ಇದು. ಮೋಡ ನಿಂಬೆಹಣ್ಣಿನಂತೆ ದುಂಡಗಿದ್ದರೆ ಈ ಹಿಡಿತ ಸಿಗುವುದಿಲ್ಲ. ಅಂಕುಡೊಂಕಾಗಿದ್ದರೆ ಮಾತ್ರ ಸಿಗುತ್ತದೆ.

ಕಾಂಟ್ ಎಡವಿದಲ್ಲಿ ಹಾಯ್ಲ್ ಎಡವಲಿಲ್ಲ ಎಂಬುದನ್ನು ಗಮನಿಸಿ. ಒಂದು ಮೋಡ ಈ ಕಡೆಗೆ ತಿರುಗನ್ನು ಪಡೆದರೆ, ಅದಕ್ಕೆ ಸರಿಸಮನಾದ ಎದುರು ತಿರುಗು ನೆರೆಹೊರೆಯ ಚಲನೆಯಲ್ಲಿ ಸೇರಿಕೊಳ್ಳುತ್ತದೆ. ಒಟ್ಟು ವಿಶ್ವದ ಲೆಕ್ಕದಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಸಾಲದ ಪುಸ್ತಕದಲ್ಲಿ ಜಮೆಯೂ ಖರ್ಚೂ ಸರಿದೂಗಿದಂತೆ. ಹಾಯ್ಲ್ ಸ್ಥೂಲವಾಗಿ ಲೆಕ್ಕ ಹಾಕಿ, ಆಕಾಶಗಂಗೆಯಷ್ಟು ತಿರುಗು ಈ ದಾರಿಯಿಂದ ಬರುವುದು ಸಾಧ್ಯವೆಂದು ತೋರಿಸಿದ. ವಿಪರ್ಯಾಸವೆಂದರೆ, ಮುಂದೆ ಈ ವಿಚಾರ ಬೆಳೆದದ್ದು ಆತ 2001ರಲ್ಲಿ ತೀರಿಕೊಳ್ಳುವವರೆಗೂ ಒಪ್ಪದೇ ಇದ್ದ ಮಹಾಸ್ಫೋಟ ಸಿದ್ಧಾಂತದ ಮಡಿಲಿನಲ್ಲಿ.

ಆದರೆ ಆಗ ಇದಕ್ಕೆ ಕಿವಿಗೊಟ್ಟವರು ಕಡಿಮೆ. ಹೆಚ್ಚಿನವರಿಗೆ ಹಿಡಿಸಿದ್ದು ಇನ್ನೊಂದು ಚಿತ್ರ. ಆದಿಯಲ್ಲಿ ವಿಶ್ವದ ತುಂಬ ಪ್ರಕ್ಷುಬ್ಧವಾದ ಸುಳಿಗಳಿದ್ದವು, ಹೊಳೆಯ ಮಡುವಿನಲ್ಲಿ ಸುಳಿಗಳೆದ್ದಂತೆ. ಒಂದೊಂದು ಸುಳಿಯೂ ಒಂದೊಂದು ಗೆಲಕ್ಸಿಯಾಯಿತು. ಜರ್ಮನಿಯ ವೈಟ್ಸೆಕರ್ 1951ರಲ್ಲಿ, ಗಾಮೋವ್ 1952ರಲ್ಲಿ ಈ ದಾರಿ ಹಿಡಿದರು. ಸೋವಿಯತ್ ದೇಶದಲ್ಲಿ ಒಜೆರ್ನಾಯ್ ಮತ್ತು ಚೆರ್ನಿನ್ 1968ರಿಂದ ಅದನ್ನು ವಿಸ್ತಾರವಾಗಿ ಬೆಳೆಸಿದರು. ನೋಡಲು ಸೊಗಸಾದ ಚಿತ್ರವೇ. ಆದರೆ ಸುಳಿಗಳನ್ನು ಎಬ್ಬಿಸಿದವರು ಯಾರು ಎಂದು ಕೇಳಿದರೆ ‘ಅವು ಮೊದಲೇ ಇದ್ದವು’ ಎಂಬ ಲಪ್ಲಾಸನ ಉತ್ತರಕ್ಕೇ ಮರಳಿದಂತಾಗುತ್ತದೆ.

1969ರಲ್ಲಿ ಪ್ರಿನ್ಸ್‌ಟನ್ನಿನ ಜಿಮ್ ಪೀಬಲ್ಸ್ ಹಾಯ್ಲ್‌ನ ವಿಚಾರವನ್ನು ಹಿಗ್ಗುತ್ತಿರುವ ವಿಶ್ವದೊಳಗೆ ಇಟ್ಟು ಲೆಕ್ಕ ಮಾಡಿದ. ಆದಿಯಲ್ಲಿ ಎಲ್ಲವೂ ಬಹುತೇಕ ಸಮ, ಅಲ್ಲಲ್ಲಿ ಸಾಂದ್ರತೆಯ ಸಣ್ಣ ಏರುಪೇರು. ಅಷ್ಟರಿಂದಲೇ ಗೆಲಕ್ಸಿಗಳು ಹುಟ್ಟುತ್ತವೆ, ನೆರೆಹೊರೆಯ ಸೆಳೆತದಿಂದ ತಿರುಗುತ್ತವೆ, ಬೇರೆ ಯಾವ ಸುಳಿಯೂ ಬೇಡ ಎಂದ. ಪೀಬಲ್ಸ್‌ಗೆ ಆಗ 34 ವರ್ಷ. ಮರುವರ್ಷವೇ ಇದನ್ನು ಪ್ರಶ್ನಿಸಿದ್ದು ಎಪ್ಪತ್ತರ ಯಾನ್ ಊರ್ಟ್, ಆಕಾಶಗಂಗೆಯ ತಿರುಗನ್ನು ಲೋಕಕ್ಕೆ ತೋರಿಸಿದಾತ. ಮೋಡಗಳು ಬೇರೆಬೇರೆಯಾಗಿ ಕುಸಿಯುವ ಹೊತ್ತಿಗೆ ಒಂದಕ್ಕೊಂದು ಬಹಳ ದೂರವಾಗಿರುತ್ತವೆ, ಆ ದೂರದಿಂದ ಬರುವ ಸೆಳೆತ ಸಾಲದು, ಆದ್ದರಿಂದ ಆದಿಯ ಸುಳಿಗಳೇ ಬೇಕು ಎಂಬುದು ಊರ್ಟ್‌ನ ಆಕ್ಷೇಪ. ಇದು ಒಂದೆರಡು ಅಂಕಿಗಳ ಜಗಳವಾಗಿರಲಿಲ್ಲ. ಊರ್ಟ್ ಸರಿಯಾಗಿದ್ದರೆ ಗುರುತ್ವವೊಂದರಿಂದಲೇ ಗೆಲಕ್ಸಿಗಳು ರೂಪುಗೊಂಡವು ಎಂಬ ಇಡೀ ಚಿತ್ರವೇ ಬೀಳುತ್ತಿತ್ತು.

ಲೆಕ್ಕದಲ್ಲಿ ಒಂದು ಸೂಕ್ಷ್ಮವಿತ್ತು. ಪೀಬಲ್ಸ್ ಸುಲಭವಾಗಲೆಂದು ದುಂಡನೆಯ ಪ್ರದೇಶವನ್ನು ಆಯ್ದುಕೊಂಡಿದ್ದ. ದುಂಡನೆಯದಕ್ಕೆ ಹಿಡಿತ ಸಿಗದೆಂದು ಆಗಲೇ ನೋಡಿದೆವಲ್ಲ, ಹಾಗಾಗಿ ಅವನ ಲೆಕ್ಕದಲ್ಲಿ ಮುಖ್ಯವಾದ ಪರಿಣಾಮವೇ ತಪ್ಪಿಹೋಗಿ, ಅದರ ಹಿಂದಿನ ಸಣ್ಣ ಪರಿಣಾಮ ಮಾತ್ರ ಉಳಿದಿತ್ತು. 1970ರಲ್ಲಿಯೇ ಮಾಸ್ಕೋದ ದೊರೊಶ್ಕೆವಿಚ್, ಪ್ರದೇಶ ದುಂಡಗಿಲ್ಲದಿದ್ದರೆ ತಿರುಗು ಇನ್ನೂ ಬೇಗ, ಕಾಲಕ್ಕೆ ನೇರ ಅನುಪಾತದಲ್ಲಿ ಬೆಳೆಯುತ್ತದೆ ಎಂದು ತೋರಿಸಿದ್ದ. ರಷ್ಯನ್ ಪತ್ರಿಕೆಯ ಆ ಬರಹ ಪಶ್ಚಿಮದಲ್ಲಿ ಹೆಚ್ಚು ಗಮನ ಸೆಳೆಯಲಿಲ್ಲ. 1984ರಲ್ಲಿ ಸೈಮನ್ ವೈಟ್ ಅದನ್ನು ಬಿಡಿಸಿ ವಿವರಿಸಿದ ಮೇಲೆಯೇ ಎಲ್ಲರಿಗೂ ತಿಳಿಯಿತು. ಈ ಬೆಳವಣಿಗೆಗೆ ಒಂದು ಮಿತಿಯೂ ಇದೆ. ವಿಶ್ವದ ಹಿಗ್ಗುವಿಕೆಯ ಜೊತೆ ತಾನೂ ಹಿಗ್ಗುತ್ತಿದ್ದ ಮೋಡ ಒಂದು ಗಳಿಗೆಯಲ್ಲಿ ತಡೆದು ನಿಂತು ಒಳಕ್ಕೆ ಕುಸಿಯತೊಡಗುತ್ತದೆ. ಅಲ್ಲಿಂದ ಮುಂದೆ ಅದರ ‘ತುದಿ’ಗಳು ಗಿಡ್ಡವಾಗುತ್ತವೆ, ನೆರೆಯವರು ದೂರವಾಗುತ್ತಾರೆ. ಚಾಟಿಯ ಎಳೆತ ಅಲ್ಲಿಗೆ ಬಹುಮಟ್ಟಿಗೆ ಮುಗಿದಂತೆ.

ವಾದವನ್ನು ತೀರ್ಮಾನಿಸಿದ್ದು ಗಣಕಯಂತ್ರ. 1979ರಲ್ಲಿ ಜಾರ್ಜ್ ಎಫ್‌ಸ್ಟಾಥಿಯೂ ಮತ್ತು ಬರ್ನಾರ್ಡ್ ಜೋನ್ಸ್ ಸಾವಿರ ಕಣಗಳ ಒಂದು ಪುಟ್ಟ ‘ವಿಶ್ವ’ವನ್ನು ಗಣಕಯಂತ್ರದಲ್ಲಿ ಹಿಗ್ಗಲು ಬಿಟ್ಟು, ಗುರುತ್ವವೊಂದನ್ನೇ ನಿಯಮವಾಗಿ ಕೊಟ್ಟರು. ಇಂದು ಅದೇ ಬಗೆಯ ಲೆಕ್ಕಗಳಲ್ಲಿ ನೂರಾರು ಕೋಟಿ ಕಣಗಳಿರುತ್ತವೆ. ಆದರೆ ಆ ಸಾವಿರವೇ ಸಾಕಾಯಿತು. ಕಣಗಳು ಅಲ್ಲಲ್ಲಿ ಗುಂಪುಗೂಡಿದವು, ಗುಂಪುಗಳು ತಿರುಗಿದವು. ತಿರುಗಿನ ಪ್ರಮಾಣವನ್ನು ಅಳೆಯಲು ಪೀಬಲ್ಸ್ ಸೂಚಿಸಿದ್ದ ‘ಲ್ಯಾಮ್ಡಾ’ ಎಂಬ ಅಂಕಿಯಿದೆ. ತಿರುಗಿನ ಬಲದಿಂದಲೇ ತನ್ನನ್ನು ತಾನು ಎತ್ತಿಹಿಡಿದಿರುವ ತಟ್ಟೆಯಂಥ ಗೆಲಕ್ಸಿಯಲ್ಲಿ ಅದು ಸುಮಾರು 0.4. ಗಣಕಯಂತ್ರದ ಗುಂಪುಗಳಲ್ಲಿ ಸಿಕ್ಕಿದ್ದು 0.07ರ ಸುಮಾರು. ಇಂದಿನ ಲೆಕ್ಕಗಳಲ್ಲಿ ಅದು ಇನ್ನೂ ತುಸು ಕಡಿಮೆ, 0.04ರ ಆಸುಪಾಸು. ಎಂದರೆ ತಟ್ಟೆಯಾಗಲು ಬೇಕಾದ ತಿರುಗಿನ ಹತ್ತರಲ್ಲೊಂದು ಪಾಲು. ಇತ್ತ ಆದಿಯ ಸುಳಿಗಳ ವಾದವೂ ಸೊರಗಿತು. ವಿಶ್ವ ಹಿಗ್ಗಿದಂತೆ ಯಾವ ಸುಳಿಯೂ ಸವೆದುಹೋಗುತ್ತದೆ. ಆದಿಯಿಂದ ಬರುವ ಹಿನ್ನೆಲೆ ವಿಕಿರಣವೂ ಅಂಥ ಕೋಲಾಹಲದ ಗುರುತನ್ನು ತೋರಲಿಲ್ಲ. 1992ರಲ್ಲಿ ಕೋಬ್ ಉಪಗ್ರಹ ಅದರಲ್ಲಿ ಕಂಡ ಏರುಪೇರು ಲಕ್ಷದಲ್ಲಿ ಒಂದು ಪಾಲಿನಷ್ಟು.

ನೆರೆಯ ಸೆಳೆತ ಗೆದ್ದಿತು ಎನ್ನಿ. ಆದರೆ ಹತ್ತರಲ್ಲೊಂದು ಪಾಲು ತಿರುಗಿರುವ ಮೋಡ ಪೂರ್ಣ ತಿರುಗುವ ತಟ್ಟೆಯಾಗುವುದು ಹೇಗೆ? ತೋಳು ಮಡಚಿಕೊಂಡು, ಅಂದರೆ ಕುಸಿದು. ಎಷ್ಟು ಕುಸಿಯಬೇಕು? ಇಲ್ಲಿ ಪೆನ್ಸಿಲ್ ಹಿಡಿಯಿರಿ. ಮೋಡ ಕುಗ್ಗಿದಂತೆ ಅದರ ತಿರುಗುವ ವೇಗ ಏರುತ್ತದೆ. ಆದರೆ ತನ್ನದೇ ಗುರುತ್ವವೂ ಬಿಗಿಯಾಗುವುದರಿಂದ ತಟ್ಟೆಯಾಗಿ ನಿಲ್ಲಲು ಬೇಕಾದ ವೇಗವೂ ಏರುತ್ತ ಹೋಗುತ್ತದೆ. ಎರಡರ ಓಟದಲ್ಲಿ ಹತ್ತು ಪಟ್ಟು ಗಳಿಸಬೇಕಾದರೆ ಮೋಡ ಹತ್ತರ ವರ್ಗ, ಅಂದರೆ ನೂರು ಪಟ್ಟು ಕುಗ್ಗಬೇಕು. 50,000 ಜ್ಯೋತಿರ್ವರ್ಷ ತ್ರಿಜ್ಯದ ನಮ್ಮ ಆಕಾಶಗಂಗೆ 50 ಲಕ್ಷ ಜ್ಯೋತಿರ್ವರ್ಷಗಳಿಂದ ಕುಸಿದು ಬರಬೇಕು. ದೇವಯಾನಿ ಗೆಲಕ್ಸಿಯೇ ನಮಗೆ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ! ಅಷ್ಟು ದೂರದಿಂದ ಬೀಳಲು ಹಿಡಿಯುವ ಕಾಲ ವಿಶ್ವದ ವಯಸ್ಸಾದ 1,380 ಕೋಟಿ ವರ್ಷಗಳ ಹಲವು ಪಟ್ಟು. ಲೆಕ್ಕ ಕೂಡುವುದಿಲ್ಲ.

ಬಿಡುಗಡೆ ಬಂದದ್ದು ಕಾಣದ ದ್ರವ್ಯದಿಂದ. ವೇರಾ ರೂಬಿನ್ ನೆನಪಿದ್ದಾಳಲ್ಲ? 1970ರಲ್ಲಿ ಆಕೆ ಕೆಂಟ್ ಫೋರ್ಡ್ ಎಂಬಾತ ನಿರ್ಮಿಸಿದ ಸೂಕ್ಷ್ಮ ರೋಹಿತದರ್ಶಕದಿಂದ ದೇವಯಾನಿಯ 67 ಎಡೆಗಳ ವೇಗವನ್ನು ಅಳೆದಳು. ಪೀಸ್ 79 ಗಂಟೆ ಕಾಯಬೇಕಾಗಿದ್ದ ಕಾಲ ಕಳೆದಿತ್ತು. ಸೂರ್ಯನಿಂದ ದೂರ ಹೋದಂತೆ ಗ್ರಹಗಳ ವೇಗ ತಗ್ಗುವ ಹಾಗೆ ಗೆಲಕ್ಸಿಯ ಹೊರ ಅಂಚಿನಲ್ಲಿ ವೇಗ ತಗ್ಗಬೇಕಿತ್ತು. ತಗ್ಗಲಿಲ್ಲ. 1980ರ ಹೊತ್ತಿಗೆ ರೂಬಿನ್, ಫೋರ್ಡ್ ಮತ್ತು ಸಂಗಡಿಗರು 21 ಸುರುಳಿ ಗೆಲಕ್ಸಿಗಳಲ್ಲಿ ಇದೇ ಸಂಗತಿಯನ್ನು ಕಂಡರು. ರೇಡಿಯೋ ದೂರದರ್ಶಕಗಳ ಅಳತೆಗಳೂ ಅದನ್ನೇ ಹೇಳಿದವು. ಅಷ್ಟು ವೇಗದ ನಕ್ಷತ್ರಗಳು ಹಾರಿಹೋಗದಂತೆ ಹಿಡಿದಿಡಲು ಕಣ್ಣಿಗೆ ಕಾಣುವ ದ್ರವ್ಯ ಸಾಲದು. ಹೊಳೆಯುವ ತಟ್ಟೆಯ ಸುತ್ತ, ಹುಣ್ಣಿಮೆಯ ಚಂದ್ರನ ಸುತ್ತ ಕೆಲವೊಮ್ಮೆ ಕಾಣುವ ಪರಿವೇಷದಂತೆ, ಆದರೆ ತಾನು ಮಾತ್ರ ಕಾಣದಂತೆ, ಕಪ್ಪು ದ್ರವ್ಯದ ದೊಡ್ಡ ಪರಿವೇಷವಿದೆ ಎಂಬುದು ವಿಜ್ಞಾನಿಗಳ ತೀರ್ಮಾನವಾಯಿತು. ವಿಶ್ವದಲ್ಲಿ ಸಾಮಾನ್ಯ ದ್ರವ್ಯದ ಐದು ಪಟ್ಟಿಗೂ ಹೆಚ್ಚು ಕಪ್ಪು ದ್ರವ್ಯವಿದೆಯೆಂಬುದು ಇಂದಿನ ಅಂದಾಜು. ಅದು ಯಾವ ಕಣ ಎಂಬುದು ಮಾತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

1980ರಲ್ಲಿ ಮೈಕೆಲ್ ಫಾಲ್ ಮತ್ತು ಎಫ್‌ಸ್ಟಾಥಿಯೂ ಈ ಎರಡು ಎಳೆಗಳನ್ನು ಹೆಣೆದರು. ಆದಿಯ ಮೋಡದಲ್ಲಿ ಅನಿಲವೂ ಕಪ್ಪು ದ್ರವ್ಯವೂ ಬೆರೆತಿದ್ದವು. ನೆರೆಯ ಸೆಳೆತ ಎರಡನ್ನೂ ಒಂದೇ ಸಮನೆ ತಿರುಗಿಸಿತು. ಅನಿಲ ಬೆಳಕನ್ನು ಸೂಸಿ ತಣ್ಣಗಾಗಬಲ್ಲದು. ಹಾಗೆ ತಣಿದು ಒಳಕ್ಕಿಳಿಯಿತು. ಕಪ್ಪು ದ್ರವ್ಯ ಬೆಳಕು ಸೂಸದು, ಹಾಗಾಗಿ ಹೊರಗೇ ಉಬ್ಬಿಕೊಂಡು ಉಳಿಯಿತು. ಒಳಕ್ಕಿಳಿದ ಅನಿಲ ಸುತ್ತುವುದು ಪರಿವೇಷದ ಗುರುತ್ವದಲ್ಲಿ. ಅಲ್ಲಿ ಬೇಕಾದ ವೇಗ ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ, ರೂಬಿನ್ ಕಂಡದ್ದೂ ಅದನ್ನೇ ತಾನೆ? ಆದ್ದರಿಂದ ಗುರಿ ಮುಂದೆಮುಂದೆ ಓಡುವುದಿಲ್ಲ. ಅನಿಲ ಹತ್ತು ಪಟ್ಟು ಕುಗ್ಗಿದರೆ ಸಾಕು, ವೇಗ ಹತ್ತು ಪಟ್ಟಾಗಿ ತಟ್ಟೆ ಸಿದ್ಧ. 50 ಲಕ್ಷ ಜ್ಯೋತಿರ್ವರ್ಷ ಹೋಗಿ 5 ಲಕ್ಷವಾಯಿತು. ನೂರು ಪಟ್ಟು ಕುಗ್ಗಬೇಕಾದ ಕಗ್ಗಂಟು ಹೀಗೆ ಬಿಚ್ಚಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗವಿದು.

ಇಷ್ಟಕ್ಕೆ ಎಲ್ಲವೂ ಸುಗಮವಾಯಿತೆಂದಲ್ಲ. 1990ರ ದಶಕದಲ್ಲಿ ಅನಿಲವನ್ನೂ ಸೇರಿಸಿ ಗಣಕಯಂತ್ರದಲ್ಲಿ ಲೆಕ್ಕ ಮಾಡಿದಾಗ ಹುಟ್ಟಿದ್ದು ಕುಬ್ಜ ತಟ್ಟೆಗಳು. ಅನಿಲ ತೀರ ಬೇಗ ತಣಿದು ಗಟ್ಟಿ ಉಂಡೆಗಳಾಗಿ, ತನ್ನ ತಿರುಗನ್ನು ಪರಿವೇಷಕ್ಕೆ ಒಪ್ಪಿಸಿ ಕೇಂದ್ರಕ್ಕೆ ಮುಳುಗುತ್ತಿತ್ತು. ವಿಜ್ಞಾನಿಗಳು ಇದಕ್ಕೆ ‘ಕೋನೀಯ ಸಂವೇಗದ ಅನಾಹುತ’ ಎಂದೇ ಹೆಸರಿಟ್ಟರು. ಸಿಡಿಯುವ ನಕ್ಷತ್ರಗಳ ಶಕ್ತಿ ಅನಿಲವನ್ನು ಕಾಯಿಸಿ, ಹೊರದೂಡಿ, ಅವಸರದ ಕುಸಿತವನ್ನು ತಡೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದ ಮೇಲೆ ತಟ್ಟೆಗಳು ಹಿಗ್ಗಿದವು. 2011ರ ‘ಎರಿಸ್’ ಎಂಬ ಲೆಕ್ಕದಲ್ಲಿ ಆಕಾಶಗಂಗೆಯನ್ನು ಹೋಲುವ ಗೆಲಕ್ಸಿಯೊಂದು ಮೂಡಿತು. ಚಿಕ್ಕ ಪರಿವೇಷಗಳು ದೊಡ್ಡದರೊಳಗೆ ಬಿದ್ದು ಸೇರುವಾಗ ತಿರುಗಿನ ಪ್ರಮಾಣವೂ ದಿಕ್ಕೂ ಥಟ್ಟನೆ ಬದಲಾಗುತ್ತವೆ ಎಂಬುದು 2002ರ ಅಧ್ಯಯನಗಳಲ್ಲಿ ಕಂಡುಬಂತು. ಹಾಗಾಗಿ ಗೆಲಕ್ಸಿ ತನ್ನ ಪರಿವೇಷದ ತಿರುಗನ್ನು ಅಚ್ಚೊತ್ತಿದಂತೆ ನಕಲು ಮಾಡುವುದಿಲ್ಲ. ತಟ್ಟೆಗಳು ಎಷ್ಟು ಬೇಗ ರೂಪುಗೊಂಡವು ಎಂಬುದೂ ಅಚ್ಚರಿಯೇ. ಮಹಾಸ್ಫೋಟದ ಬಳಿಕ ಸುಮಾರು 150 ಕೋಟಿ ವರ್ಷಕ್ಕೇ ಸೆಕೆಂಡಿಗೆ 270 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿದ್ದ ತಟ್ಟೆಯೊಂದು 2020ರಲ್ಲಿ ಪತ್ತೆಯಾಯಿತು.

ಗಾಮೋವ್‌ನ ಹಳೆಯ ಪ್ರಶ್ನೆಗೂ ಒಂದು ಸ್ವಾರಸ್ಯಕರ ಪರೀಕ್ಷೆ ನಡೆಯಿತು. ನೆರೆಯ ಸೆಳೆತವೇ ಕಾರಣವಾದರೆ, ನಮಗೆ ಕಾಣುವಂತೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುವ ಸುರುಳಿಗಳೂ ಅದರ ಎದುರು ದಿಕ್ಕಿಗೆ ಸುತ್ತುವ ಸುರುಳಿಗಳೂ ಸರಿಸಮವಾಗಿರಬೇಕು. 2007ರಲ್ಲಿ ಆರಂಭವಾದ ‘ಗೆಲಕ್ಸಿ ಜೂ’ ಎಂಬ ಯೋಜನೆಯಲ್ಲಿ ಲಕ್ಷಾಂತರ ಗೆಲಕ್ಸಿಗಳ ಚಿತ್ರಗಳನ್ನು ಸಾಮಾನ್ಯ ಜನರೇ ಮನೆಯಲ್ಲಿ ಕುಳಿತು ವಿಂಗಡಿಸಿದರು. ಎಣಿಸಿದಾಗ ಎದುರು ದಿಕ್ಕಿನವು ತುಸು ಹೆಚ್ಚು ಬಂದವು! ವಿಶ್ವಕ್ಕೇ ಒಂದು ಕೈವಾಟವಿದೆಯೇ? ಸಂಶೋಧಕರು ಒಂದು ಉಪಾಯ ಹೂಡಿದರು. ಅದೇ ಚಿತ್ರಗಳಲ್ಲಿ ಕೆಲವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಮತ್ತೆ ತೋರಿಸಿದರು. ಲೆಕ್ಕವೂ ತಿರುವುಮುರುವಾಗಬೇಕಿತ್ತು. ಆಗಲಿಲ್ಲ, ಈಗಲೂ ಎದುರು ದಿಕ್ಕಿನವೇ ಹೆಚ್ಚು. ವಾಲಿಕೆ ಇದ್ದದ್ದು ಆಕಾಶದಲ್ಲಲ್ಲ, ನೋಡುವವರ ಕಣ್ಣಿನಲ್ಲಿ.

ಇನ್ನೂ ನೇರವಾದ ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. ಇಂದಿನ ಗೆಲಕ್ಸಿಗಳ ಹಂಚಿಕೆಯಿಂದ ಹಿಂದಕ್ಕೆ ಲೆಕ್ಕ ಹಾಕಿ, ಆದಿಯಲ್ಲಿ ಎಲ್ಲೆಲ್ಲಿ ದ್ರವ್ಯ ಹೆಚ್ಚಿತ್ತು, ನೆರೆಯ ಸೆಳೆತ ಯಾವ ದಿಕ್ಕಿಗಿತ್ತು ಎಂದು ಒಂದು ತಂಡ ಅಂದಾಜು ಮಾಡಿತು. ಆ ಸೆಳೆತ ಯಾವ ಕಡೆಗೆ ತಿರುಗಿಸಬೇಕಿತ್ತೋ ಅದನ್ನು ಸುರುಳಿ ಗೆಲಕ್ಸಿಗಳು ಇಂದು ತಿರುಗುತ್ತಿರುವ ದಿಕ್ಕಿನೊಂದಿಗೆ ಹೋಲಿಸಿತು. ಹೊಂದಿಕೆ ಕಂಡಿತು, ಆದರೆ ಬಲು ಕ್ಷೀಣವಾಗಿ. ಅದನ್ನು ಗಟ್ಟಿಯಾಗಿ ಹೇಳಬೇಕಾದರೆ ಇನ್ನೂ ಬಹಳ ಗೆಲಕ್ಸಿಗಳ ಚಿತ್ರ ಬೇಕು. ಚಿಲಿ ದೇಶದ ಬೆಟ್ಟದ ಮೇಲೆ 8.4 ಮೀಟರ್ ಕನ್ನಡಿಯ ಹೊಸ ದೂರದರ್ಶಕವೊಂದು 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಹೊರತಂದಿದೆ. ನೂರಾರು ಕೋಟಿ ಗೆಲಕ್ಸಿಗಳನ್ನು ಚಿತ್ರಿಸುವುದು ಅದರ ಗುರಿ. ಆ ವೀಕ್ಷಣಾಲಯಕ್ಕೆ ವೇರಾ ರೂಬಿನ್ ಅವರ ಹೆಸರನ್ನಿಟ್ಟಿದ್ದಾರೆ.